ಟಿಲ್ಡಳ ಎಡ ಹಿಂಗಾಲು

ಇದನ್ನು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ವಾಸಿ. ಒಂದು ಮುದಿ ನಾಯಿಯ ಹಿಂಗಾಲಿನ ವಿಷಯ. ಪ್ರಯೋಗದ ವರದಿಯಲ್ಲಾದರೆ ಒಂದು ಸಾಲು, ಆ ಸಾಲಿನಲ್ಲೂ ನಾಯಿಗೆ ಹೆಸರಿಲ್ಲ, ಹದಿನೇಳು ಎಂಬ ಸಂಖ್ಯೆ ಮಾತ್ರ. ಅದನ್ನು ಇಷ್ಟುದ್ದ ಎಳೆಯಲು, ಪಶುವೈದ್ಯವೂ ಬಾರದ, ಸಂಖ್ಯಾಶಾಸ್ತ್ರವನ್ನು ಸಂಜೆ ತರಗತಿಯಲ್ಲಿ ಅಷ್ಟಿಷ್ಟು ಕಲಿತ ಕೈಗೆ ಏನು ಅಧಿಕಾರ ಎಂದು ಬಲ್ಲವರು ಕೇಳಿದರೆ ಉತ್ತರವಿಲ್ಲ. ತಪ್ಪು ಕಂಡಲ್ಲಿ ತಿದ್ದಿಕೊಳ್ಳಬೇಕು. ಆದರೆ ಸೋಲ್ವೈ ಎಂಬಾಕೆಯ ಆ ಗುರುವಾರವನ್ನು ಹೇಳದೆ ಬಿಟ್ಟರೆ ಅದೂ ಒಂದು ತಪ್ಪೇ ಆಗುತ್ತದೇನೋ ಎಂಬ ಅಳುಕಿನಿಂದ ಹೇಳಬೇಕಾಗಿದೆ.

ಮಾರ್ಚ್ ತಿಂಗಳ ಆ ಗುರುವಾರ, ಬೆಳಿಗ್ಗೆ ಒಂಬತ್ತೂವರೆಯ ಕಾಫಿಗೆ ಕೂತಾಗ ಬೋಡಿಲ್ ಗಸಗಸೆಯ ಬನ್ನಿಗೆ ಬೆಣ್ಣೆ ಸವರುತ್ತಲೇ ಮೊಣಕೈಯಿಂದ ಒಂದು ಹಾಳೆಯನ್ನು ಸೋಲ್ವೈಯ ಕಡೆಗೆ ಜರುಗಿಸಿದಳು. ಬೋಡಿಲ್ ಆ ಪಶು ಚಿಕಿತ್ಸಾಲಯದ ಡಾಕ್ಟರು, ಒಡತಿ ಕೂಡ. ಸೋಲ್ವೈ ಅಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸು. ಹಾಳೆ ವಿಶ್ವವಿದ್ಯಾಲಯದಿಂದ ಬಂದದ್ದು. ಮುದಿ ನಾಯಿಗಳ ಕೀಲುನೋವಿಗೆ ಹೊಸದಾಗಿ ತಯಾರಿಸಿದ ಔಷಧಿಯನ್ನು ಫ್ಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಕಡಲ ಕವಲಿನ, ಆಚೀಚೆಯ ಊರುಗಳ ನಾಯಿಗಳಿಗೆ ಹನ್ನೆರಡು ವಾರ ಕೊಟ್ಟು ನೋಡಿದ್ದರು. ಅರ್ಧದಷ್ಟು ನಾಯಿಗಳಿಗೆ ಔಷಧಿ, ಉಳಿದರ್ಧಕ್ಕೆ ಅದೇ ಬಣ್ಣದ, ಅದೇ ವಾಸನೆಯ ಬರೀ ಸಕ್ಕರೆ ಪಾಕ. ಯಾವ ನಾಯಿಗೆ ಯಾವುದು ಎಂಬುದು ಸಾಕಿದವರಿಗೆ ಗೊತ್ತಿಲ್ಲ, ಬೋಡಿಲ್‌ಗೆ ಗೊತ್ತಿಲ್ಲ, ಎರಡು ವಾರಕ್ಕೊಮ್ಮೆ ನಾಯಿ ಹಿಂದಿನ ಕಾರಿಡಾರಿನಲ್ಲಿ ಹತ್ತು ಮೀಟರು ನಡೆಯುವುದನ್ನು ನೋಡಿ ಅಂಕ ಬರೆಯುವ ಸೋಲ್ವೈಗೂ ಗೊತ್ತಿಲ್ಲ. ಸೊನ್ನೆ ಎಂದರೆ ಕುಂಟಿಲ್ಲ. ನಾಲ್ಕು ಎಂದರೆ ಕಾಲು ನೆಲಕ್ಕೇ ಊರುವುದಿಲ್ಲ. ಕಾರಿಡಾರಿನ ರಬ್ಬರು ಹಾಸಿನ ಕೆಳಗೆ ಒಂದು ಬೂದು ಪಟ್ಟಿಯಿತ್ತು. ಒಂದೊಂದು ಪಾದ ಎಷ್ಟು ಭಾರ ಹೊತ್ತಿತೆಂದು ಅದು ಅಳೆದು ನೇರ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಿತ್ತು. ಆ ಅಂಕಿಗಳನ್ನು ಇಲ್ಲಿ ಯಾರೂ ನೋಡುವಂತಿರಲಿಲ್ಲ. ಈಗ ಎಲ್ಲ ಮುಗಿದಿತ್ತು, ಯಾವ ನಾಯಿಗೆ ಯಾವುದೆಂದು ಬರೆದಿಟ್ಟ ಲಕೋಟೆಗಳನ್ನು ಒಡೆದಿದ್ದರು, ಸೋಲ್ವೈಯ ಅಂಕ, ಪಟ್ಟಿಯ ಅಂಕಿ ಎಂದು ಎರಡು ಕಾಲಮುಗಳು ಅಕ್ಕಪಕ್ಕ ನಿಂತಿದ್ದವು.

"ಇಪ್ಪತ್ತೊಂದರಲ್ಲಿ ಇಪ್ಪತ್ತು ಸರಿಹೋಗಿದೆ ಕಣೇ. ನೀನೂ ಪಟ್ಟಿಯೂ ಗಂಡಹೆಂಡತಿ ಥರ ಒಂದೇ ಮಾತು ಆಡಿದೀರಿ. ಇದೊಂದು ಬಿಟ್ಟು," ಎಂದಳು ಬೋಡಿಲ್.

ಹದಿನೇಳು. ಟಿಲ್ಡ. ಸಕ್ಕರೆ ಪಾಕ. ಸೋಲ್ವೈ ಬರೆದ ಅಂಕಗಳು ಮೂರು, ಎರಡು, ಎರಡು, ಒಂದು, ಒಂದು, ಒಂದು, ಒಂದು ಎಂದು ಮೆಟ್ಟಿಲಿಳಿದಂತೆ ಇಳಿದಿದ್ದವು. ಪಕ್ಕದ ಕಾಲಮಿನಲ್ಲಿ ಪಟ್ಟಿಯ ಅಂಕಿಗಳೂ ಇಳಿದಿದ್ದವು. ಆದರೆ ಅದು ಭಾರದ ಇಳಿತ. ಒಂದೊಂದು ಭೇಟಿಗೂ ಟಿಲ್ಡ ತನ್ನ ಎಡ ಹಿಂಗಾಲಿನ ಮೇಲೆ ಇನ್ನಷ್ಟು ಕಡಿಮೆ ಭಾರ ಊರಿದ್ದಳು. ಸೋಲ್ವೈ ಹಾಳೆಯನ್ನು ತಿರುಗಿಸಿ ನೋಡಿದಳು, ಹಿಂದೆ ಏನೂ ಇರಲಿಲ್ಲ. ಬಾಯಲ್ಲಿದ್ದ ಬನ್ನನ್ನು ನುಂಗಬೇಕೋ ಬೇಡವೋ ಎನ್ನುವುದು ಒಂದು ಕ್ಷಣ ದೊಡ್ಡ ಪ್ರಶ್ನೆಯಾಯಿತು. ಬೋಡಿಲ್‌ಗೆ ತನ್ನ ಮುಖ ಹೇಗೆ ಕಾಣುತ್ತಿರಬಹುದು, ಕೆನ್ನೆ ಕೆಂಪಾಗಿದೆಯೇ, ಗಸಗಸೆ ಹಲ್ಲಿಗೆ ಅಂಟಿದೆಯೇ ಎಂದೆಲ್ಲ ಯೋಚನೆ ಬಂತು. ನಾಯಿಯ ಯೋಚನೆ ಅದರ ನಂತರ ಬಂತು. ಹಾಗೆ ಬಂದದ್ದಕ್ಕೂ ನಾಚಿಕೆಯಾಯಿತು.

"ಒಂದು ನಾಯಿ ತಾನೇ, ಬಿಡು," ಎಂದಳು ಬೋಡಿಲ್. "ಹಗ್ಗ ಬಿಗಿಯಾಗಿ ಹಿಡಿದಿದ್ರೆ ಪಟ್ಟಿಗೆ ಕಡಿಮೆ ಭಾರ ಕಾಣತ್ತೆ. ನಡಿಗೆ ಬೇಗ ಆದ್ರೆ ಲೆಕ್ಕ ಏರುಪೇರಾಗತ್ತೆ. ಪಟ್ಟಿ ಏನು ಪಾದ್ರಿಯಾ, ಸುಳ್ಳೇ ಹೇಳಬಾರದು ಅನ್ನೋಕೆ?"

"ಬೇಗ ನಡೆದ್ರೆ ಭಾರ ಜಾಸ್ತಿ ಬೀಳ್ಬೇಕಲ್ವಾ?"

"ಸಾಮಾನ್ಯವಾಗಿ." ಬೋಡಿಲ್ ಕಾಫಿ ಬಗ್ಗಿಸಿಕೊಂಡಳು. "ಹನ್ನೊಂದಕ್ಕೆ ಟಿಲ್ಡಳನ್ನ ಕರ್ಕೊಂಡು ವೆರ್ನರ್ ಬರ್ತಾನೆ. ಸೀಸೆ ಖಾಲಿಯಂತೆ, ಇನ್ನೊಂದು ಬೇಕಂತೆ. ಫೋನಲ್ಲಿ ಎಷ್ಟು ಖುಷಿಯಾಗಿದ್ದ ಅಂದ್ರೆ ಯಾರೋ ಬೇರೆಯವರಿರಬೇಕು ಅಂದ್ಕೊಂಡೆ."

ಹನ್ನೊಂದಕ್ಕೆ ಇನ್ನೂ ಒಂದೂಕಾಲು ಗಂಟೆಯಿತ್ತು. ಅಷ್ಟರಲ್ಲಿ ಎರಡು ಬೆಕ್ಕುಗಳಿಗೆ ಚುಚ್ಚುಮದ್ದು, ಒಂದು ಮೊಲದ ಹಲ್ಲು. ಮೊಲವನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿ ಹಿಡಿದಿದ್ದಾಗ ಅದರ ಗುಂಡಿಗೆ ಅಂಗೈಗೆ ಬಡಿಯುತ್ತಿತ್ತು. ಇದು ಹೆದರಿಕೆ, ಇದು ನೋವಲ್ಲ, ಎಂದು ಅವಳ ಕೈ ತಾನಾಗಿಯೇ ವಿಂಗಡಿಸಿತು. ಇಪ್ಪತ್ತೆರಡು ವರ್ಷದಿಂದ ವಿಂಗಡಿಸುತ್ತಲೇ ಬಂದ ಕೈ. ಈಗ ಅದನ್ನು ನಂಬಬೇಕೇ? ಮಂಗಳವಾರ ಸಂಜೆಯ ತರಗತಿ ನೆನಪಾಯಿತು. ಅಂಕ ಹಾಕುವವರಿಗೆಲ್ಲ ಪ್ರಮಾಣಪತ್ರ ಬೇಕೆಂದು ಪ್ರಾಥಮಿಕ ಶಾಲೆಯೊಂದರ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಹತ್ತು ವಾರ ಕೂತಿದ್ದರು. ಒಂದು ಸಂಜೆ ಮಾಸ್ತರು ಒಂದು ನಾಯಿ ನಡೆಯುವ ಚಿತ್ರ ತೋರಿಸಿ, ಇದು ಚಿಕಿತ್ಸೆಗೆ ಮೊದಲು, ಅಂಕ ಬರೆಯಿರಿ ಎಂದರು. ಅರ್ಧ ಗಂಟೆಯ ಬಳಿಕ ಇನ್ನೊಂದು ತೋರಿಸಿ, ಇದು ಚಿಕಿತ್ಸೆಯ ನಂತರ ಎಂದರು. ಇಡೀ ತರಗತಿ ಎರಡನೆಯದಕ್ಕೆ ಕಡಿಮೆ ಅಂಕ ಕೊಟ್ಟಿತು. ಎರಡೂ ಒಂದೇ ಚಿತ್ರ. ಎಲ್ಲರೂ ನಕ್ಕರು, ಸೋಲ್ವೈ ಎಲ್ಲರಿಗಿಂತ ಜೋರಾಗಿ ನಕ್ಕಳು, ಆ ರಾತ್ರಿ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೂ ಅದನ್ನು ಹೇಳಿ ನಗಿಸಿದ್ದಳು. ಹೇಳುವಾಗ ಮಾತ್ರ "ಅವರೆಲ್ಲ ಕಡಿಮೆ ಅಂಕ ಕೊಟ್ರು" ಎಂದಿದ್ದಳು. ನಾನೂ ಕೊಟ್ಟೆ ಅಂದಿರಲಿಲ್ಲ.

ಟಿಲ್ಡಳ ಮೊದಲ ಭೇಟಿಯಲ್ಲಿ ಎಲ್ಲ ನಿಯಮದಂತೆಯೇ ನಡೆದಿತ್ತು. ಡಿಸೆಂಬರಿನ ಮಂಜು, ಕಾಲು ಜಾರದಿರಲೆಂದು ಬಾಗಿಲಲ್ಲಿ ಉಪ್ಪು ಹರಡಿದ್ದರು. ವೆರ್ನರ್ ಎರಡು ಊರುಗೋಲು ಹಿಡಿದು ಬಂದಿದ್ದ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಎರಡು ವಾರದ ಹಿಂದಷ್ಟೇ ಸೊಂಟದ ಕೀಲು ಬದಲಾಯಿಸಿಕೊಂಡಿದ್ದ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬೋಡಿಲ್ ಹಗ್ಗ ಹಿಡಿದು ಟಿಲ್ಡಳನ್ನು ನಡೆಸಿದಳು. ನಾಯಿಯನ್ನು ನಡೆಸುವವರು ಚಿಕಿತ್ಸಾಲಯದವರೇ ಆಗಿರಬೇಕು, ಪ್ರತಿ ಸಲ ಒಬ್ಬರೇ ಆಗಿರಬೇಕು, ಇದು ನಿಯಮ. ಇನ್ನೊಂದು ನಿಯಮ: ಮೊದಲು ಮಾತಿಲ್ಲದೆ ನೋಡಿ ಅಂಕ ಬರೆದು, ಆಮೇಲೆ ಮನೆಯವರನ್ನು ಕೇಳಬೇಕು. ಸೋಲ್ವೈ ನೋಡಿದಳು, ಮೂರು ಎಂದು ಬರೆದಳು, ಆಮೇಲೆ ಕೇಳಿದಳು. "ನಡೀತಾಳೆ," ಎಂದಿದ್ದ ವೆರ್ನರ್. ಅಷ್ಟೇ. ಆ ದಂಡೆಯ ಜನರಿಗೆ ಅದಕ್ಕಿಂತ ಹೆಚ್ಚು ಹೇಳಿದರೆ ಬಡಾಯಿ. ಮದುವೆಯ ಊಟ ಹೊಟ್ಟೆ ಬಿರಿಯುವಂತೆ ಉಂಡು, ಅಷ್ಟೇನೂ ಕೆಟ್ಟದಾಗಿರಲಿಲ್ಲ ಅನ್ನುವ ಜನ. ಆ ಮಾತಿಗೆ ಅಡುಗೆಯವಳು ವರ್ಷವಿಡೀ ಬೀಗುತ್ತಾಳೆ.

ಎರಡನೆಯ ಭೇಟಿಯ ದಿನ ಬೋಡಿಲ್ ಒಳಗೆ ಕಾರಿನಡಿ ಸಿಕ್ಕ ಬೆಕ್ಕೊಂದರ ಮೇಲೆ ಬಗ್ಗಿದ್ದಳು. ಸೋಲ್ವೈ ತಾನೇ ಹಗ್ಗ ತೆಗೆದುಕೊಂಡಳು, ಟಿಲ್ಡ ಕಾರಿಡಾರಿನ ಬಾಯಲ್ಲಿ ಕೂತುಬಿಟ್ಟಳು. ಪುಸಲಾಯಿಸಿದರೂ ಏಳಲಿಲ್ಲ. ವೆರ್ನರ್ ಒಂದೇ ಊರುಗೋಲಿನಲ್ಲಿ ಎದ್ದು ಬಂದು, "ಕೊಡಮ್ಮಾ ಇಲ್ಲಿ. ಅವಳು ನನ್ನ ಥರಾನೇ. ಗೊತ್ತಿಲ್ಲದೋರ ಜತೆ ಕುಣಿಯಲ್ಲ," ಎಂದ. ಮುದುಕನ ಕೈಗೆ ಹಗ್ಗ ಕೊಡಲು ಏನು ಕಷ್ಟ? ಕೊಡದೇ ಇದ್ದಿದ್ದರೆ ಅದು ಎಷ್ಟು ಒರಟಾಗಿ ಕಾಣುತ್ತಿತ್ತು! ಅವನು ನಡೆದ, ಟಿಲ್ಡ ನಡೆದಳು. ಹೋಗುತ್ತಾ ಬೆನ್ನು ಹಾಕಿಕೊಂಡೇ ಹೇಳಿದ, "ಈ ಔಷಧಿ, ಅಷ್ಟೇನೂ ಕೆಟ್ಟದಾಗಿಲ್ಲ." ನೋಡಿ ಅಂಕ ಬರೆಯುವ ಮೊದಲೇ ಆ ಮಾತು ಸೋಲ್ವೈಯ ಕಿವಿಗೆ ಬಿದ್ದಿತ್ತು. ಪೆನ್ನು ಎರಡಕ್ಕೂ ಮೂರಕ್ಕೂ ನಡುವೆ ನಿಂತದ್ದು ಅವಳಿಗೆ ಈಗಲೂ ಬೆರಳಲ್ಲಿ ನೆನಪಿದೆ. ಸತತ ಎರಡು ಸಲ ಮೂರು ಬಂದರೆ ಆ ನಾಯಿಯನ್ನು ಪ್ರಯೋಗದಿಂದ ಬಿಡಿಸಿ, ಗೊತ್ತಿರುವ ನೋವಿನ ಔಷಧಿಯನ್ನು ಅಂದೇ ಕೊಡಬೇಕು. ಅದಕ್ಕಾಗಿಯೇ ಆ ಅಂಕ ಇದ್ದದ್ದು. ಅವಳು ಎರಡು ಎಂದು ಬರೆದಳು. ಷರಾ ಎಂಬ ಅಂಕಣದಲ್ಲಿ "ಮನೆಯವರೇ ನಡೆಸಿದರು" ಎಂದೂ ಪ್ರಾಮಾಣಿಕವಾಗಿ ಬರೆದಳು. ಮುಂದಿನ ಐದು ಭೇಟಿಗಳಲ್ಲೂ ಅವನೇ ನಡೆಸಿದ. ಷರಾ ಬರೆಯಲಿಲ್ಲ. ಒಮ್ಮೆ ಬರೆದದ್ದಾಗಿದೆಯಲ್ಲ ಎಂದುಕೊಂಡಳೋ, ಮರೆತಳೋ, ಮರೆತಂತೆ ಮಾಡಿದಳೋ, ಈಗ ಎಷ್ಟು ಕೆದಕಿದರೂ ಅದು ಸಿಗುತ್ತಿಲ್ಲ.

ಒಮ್ಮೆ ಕಾಲರ್‌ಬೋನ್ ಮುರಿದು ಯಾರಿಗೂ ತಿಳಿಯದೆ ಒಂಬತ್ತು ದಿನ ಹಾಗೇ ಇದ್ದ ಸೋಲ್ವೈಯ ಅಮ್ಮನೂ ಆ ದಿನಗಳ ನಡುವಿನ ಭಾನುವಾರ ವೃದ್ಧರ ಮನೆಯಲ್ಲಿ ತಲೆ ಬಾಚಿ ತುಟಿಗೆ ಬಣ್ಣ ಹಚ್ಚಿಕೊಂಡು ಕೂತಿದ್ದಳು. ಸೋಲ್ವೈ ಅವಳ ಕೂದಲನ್ನು ಹೊಗಳಿ ಬಂದಿದ್ದಳು.

ವೆರ್ನರ್ ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಬಂದ. ಕೋಲಿಲ್ಲ, ಕೆನ್ನೆ ಗಾಳಿಗೆ ಕೆಂಪಾಗಿದೆ, ಟೊಪ್ಪಿಗೆ ಹಿಂದಕ್ಕೆ ಸರಿದಿದೆ. ಟಿಲ್ಡ, ಹನ್ನೊಂದು ವರ್ಷದ ಹಳದಿ ಲ್ಯಾಬ್ರಡಾರು, ಅವನ ಪಕ್ಕದಲ್ಲಿ ಬಾಲದಿಂದ ಕುರ್ಚಿಗಳ ಕಾಲಿಗೆಲ್ಲ ಬಡಿಯುತ್ತ ಬಂದಳು. ಆ ಹತ್ತು ಹೆಜ್ಜೆಯನ್ನು ಸೋಲ್ವೈ ನೋಡಿದಳು. ತಾನು ನೋಡುತ್ತಿರುವುದು ವೆರ್ನರನನ್ನು. ಅವನ ಸೊಂಟ ಎಷ್ಟು ಸರಾಗವಾಗಿ ತೂಗುತ್ತಿದೆ, ಹೆಜ್ಜೆ ಎಷ್ಟು ಸಮನಾಗಿ ಬೀಳುತ್ತಿದೆ! ಎರಡು ಕೋಲು, ಒಂದು ಕೋಲು, ಕೋಲಿಲ್ಲ. ಮೂರು, ಎರಡು, ಒಂದು. ಹನ್ನೆರಡು ವಾರ ತಾನು ಅಂಕ ಹಾಕಿದ್ದು ಯಾರ ಕಾಲಿಗೆ? ಅಥವಾ ಅವನು ಬೇಗ ನಡೆದದ್ದಕ್ಕೆ ಟಿಲ್ಡಳೂ ಬೇಗ ನಡೆದಳು, ಬೇಗ ನಡೆದದ್ದನ್ನೇ ತಾನು ಚೆನ್ನಾಗಿ ನಡೆದದ್ದು ಎಂದುಕೊಂಡಳೇ? ಅಥವಾ ಈ ಯೋಚನೆಯೇ ಬೆಳಿಗ್ಗೆ ಕಂಡ ಹಾಳೆ ತಲೆಗೆ ತುಂಬಿದ್ದೇ? ಹಾಳೆ ಬರದಿದ್ದರೆ ಈಗಲೂ ಒಂದು ಎಂದೇ ಬರೆಯುತ್ತಿದ್ದಳಲ್ಲವೇ?

"ಏನಮ್ಮಾ ಹಂಗೆ ನೋಡ್ತೀಯ? ನನ್ನನ್ನೂ ಪ್ರಯೋಗಕ್ಕೆ ಸೇರಿಸ್ಕೊಂಡ್ಯಾ?" ಎಂದ ವೆರ್ನರ್.

"ವೆರ್ನರ್, ಒಂದ್ಸಲ ನಡೆಸ್ತೀರಾ? ಆದ್ರೆ... ನೀವು ಈ ಕಡೆ ಬನ್ನಿ. ಕೌಂಟರಿನ ಹಿಂದೆ. ಟಿಲ್ಡ ಆ ಕಡೆ ಇರ್ಲಿ, ಹಗ್ಗ ಮೇಲಿಂದ ಹಿಡ್ಕೊಳ್ಳಿ."

"ಕೌಂಟರಿನ ಹಿಂದೆ?"

"ನಿಮ್ಮ ಕಾಲು ನಂಗೆ ಕಾಣಬಾರದು."

ಅವನು ಬೋಡಿಲ್‌ಳನ್ನು ನೋಡಿದ. ಬೋಡಿಲ್ ಒಳಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. "ಹೇಳಿದಂಗೆ ಕೇಳು ವೆರ್ನರ್. ನಮ್ಮ ಸೋಲ್ವೈ ಇವತ್ತು ಮರ್ಯಾದಸ್ಥ ಹೆಂಗಸಾಗಿದಾಳೆ, ಗಂಡಸರ ಕಾಲು ನೋಡಲ್ವಂತೆ." ಕಾಯುತ್ತ ಕೂತಿದ್ದ ಬೆಕ್ಕಿನವಳು ಫಕ್ಕನೆ ನಕ್ಕಳು. ಸೋಲ್ವೈ ಕಿವಿ ಸುಡುವುದನ್ನು ಸಹಿಸಿಕೊಂಡು ನೆಲದ ಮೇಲೆ, ಬಾಗಿಲ ಚಾಪೆಯ ಪಕ್ಕದಲ್ಲಿ, ಮೊಣಕಾಲೂರಿ ಕೂತಳು. ವೆರ್ನರ್ ಕೌಂಟರಿನ ಹಿಂದಿನಿಂದ ಕೈ ಚಾಚಿ, ಮೀನು ಹಿಡಿಯುವವನಂತೆ ಹಗ್ಗವನ್ನು ಇಳಿಬಿಟ್ಟು ನಡೆದ. ಟಿಲ್ಡ ತಲೆಯೆತ್ತಿ ಅವನನ್ನು ಹುಡುಕುತ್ತ ನಡೆದಳು. ಎಡ ಹಿಂಗಾಲು. ಊರಿತು. ಎತ್ತಿತು. ಊರಿತು. ಬಲಗಾಲಿನಷ್ಟು ಹೊತ್ತು ನೆಲದ ಮೇಲೆ ನಿಂತಿತೇ? ತಲೆಯೆತ್ತಿದ್ದಕ್ಕೆ ಭಾರ ಹಿಂದಕ್ಕೆ ಹೋಗಿದೆಯಲ್ಲವೇ? ಇನ್ನೊಮ್ಮೆ ಎಂದಳು. ಇನ್ನೊಮ್ಮೆ. ಮೂರನೆಯ ಸಲಕ್ಕೆ ಅವಳಿಗೆ ಅದು ಮೂರರಂತೆ ಕಂಡಿತು, ನಾಲ್ಕನೆಯ ಸಲಕ್ಕೆ ಒಂದರಂತೆ. ಬಹಳ ಹೊತ್ತು ನೋಡಿದರೆ ಯಾವ ಕಾಲೂ ಕಾಲಿನಂತೆ ಕಾಣುವುದಿಲ್ಲ, ಏನೋ ಹಳದಿ ರೋಮದ ಕಂಬ ಬಂದು ಬಂದು ಹೋಗುತ್ತದೆ ಅಷ್ಟೆ.

"ಸಾಕೇನೇ?" ಎಂದಳು ಬೋಡಿಲ್, ಈ ಸಲ ಮೆಲ್ಲಗೆ. "ಎಲ್ರೂ ಒಳಗೆ ಬನ್ನಿ."

ಒಳಕೋಣೆಯಲ್ಲಿ ಬೋಡಿಲ್ ಟಿಲ್ಡಳ ಸೊಂಟ ಒತ್ತಿ ನೋಡಿದಳು, ಕಾಲನ್ನು ಹಿಂದಕ್ಕೆ ಚಾಚಿದಳು. ಟಿಲ್ಡ ತುಟಿ ನೆಕ್ಕಿದಳು. ಅದು ನೋವೂ ಇರಬಹುದು, ಬೋಡಿಲ್‌ಳ ಕೈಯ ಬೆಣ್ಣೆಯ ವಾಸನೆಯೂ ಇರಬಹುದು. ಬೋಡಿಲ್ ನೇರವಾಗಿ ನಿಂತು ಹೇಳಿದಳು, "ವೆರ್ನರ್, ಲಕೋಟೆ ಒಡೆದಿದಾರೆ. ನಿನ್ನ ಸೀಸೇಲಿದ್ದದ್ದು ಬರೀ ಸಕ್ಕರೆ ಪಾಕ. ಇವತ್ತಿಂದ ನಿಜವಾದ ನೋವಿನ ಔಷಧಿ ಕೊಡ್ತೀನಿ."

ವೆರ್ನರ್ ನಕ್ಕ. "ಸಕ್ಕರೆ ಪಾಕವಾ? ಹಂಗಾದ್ರೆ ಅದನ್ನೇ ಕೊಡಿ ಮತ್ತೆ. ಅದೇ ಒಗ್ಗಿದೆ ಅವಳಿಗೆ. ಗುಣ ಆಗಿರೋದನ್ನ ಕೆಡಿಸೋದ್ಯಾಕೆ?"

ಬೋಡಿಲ್ ಸೋಲ್ವೈಯ ಕಡೆ ನೋಡಲಿಲ್ಲ. ನೋಡದಿರುವುದೇ ಒಂದು ಉಪಕಾರ ಎನ್ನುವಂತೆ ಬೀರುವಿನಲ್ಲಿ ಡಬ್ಬಿ ಹುಡುಕತೊಡಗಿದಳು. ಇಲ್ಲಿಗೆ ಮುಗಿಸಬಹುದಿತ್ತು. ಹೊಸ ಡಬ್ಬಿ, ದಿನಕ್ಕೊಂದು ಗುಳಿಗೆ, ನಮಸ್ಕಾರ. ಅವನಿಗೆ ಪಟ್ಟಿಯ ವಿಷಯ ಗೊತ್ತಾಗಬೇಕಾದ ಅಗತ್ಯವೇನೂ ಇರಲಿಲ್ಲ, ಯಾವ ನಿಯಮದಲ್ಲೂ ಹಾಗೆ ಬರೆದಿರಲಿಲ್ಲ. ಹೇಳಿದರೆ ಯಾರಿಗೆ ಒಳ್ಳೆಯದು, ಟಿಲ್ಡಗಾ, ಅವನಿಗಾ, ತನಗಾ? ತನ್ನ ಎದೆ ಹಗುರ ಮಾಡಿಕೊಳ್ಳಲು ಮುದುಕನ ಮೇಲೆ ಹೊರಿಸುವುದಾ? ಆದರೆ ಅವನು ಔಷಧಿ ಬೇಡವೆನ್ನುತ್ತಿದ್ದ. ಅವಳ ಅಂಕವನ್ನು ನಂಬಿ ಬೇಡವೆನ್ನುತ್ತಿದ್ದ. ಸೋಲ್ವೈಯ ಬಾಯಿ ಆಗಲೇ ಮಾತಾಡುತ್ತಿತ್ತು.

"ಗುಣ ಆಗಿದೆಯೋ ಇಲ್ವೋ ಗೊತ್ತಿಲ್ಲ ವೆರ್ನರ್. ಕಾರಿಡಾರಲ್ಲಿ ಒಂದು ಪಟ್ಟಿ ಇತ್ತಲ್ಲ, ಅದರ ಪ್ರಕಾರ ಅವಳು ಆ ಕಾಲಿಗೆ ಭಾರ ಹಾಕೋದನ್ನ ಕಡಿಮೆ ಮಾಡ್ತಾನೇ ಬಂದಿದಾಳೆ. ನಾನು ಒಂದು ಅಂತ ಬರೆದೆ. ಮೂರು ಅಂತ ಬರೀಬೇಕಿತ್ತೇನೋ. ಮೂರು ಅಂತ ಬರೆದಿದ್ರೆ ಹೊಸ ವರ್ಷಕ್ಕೆ ಮೊದಲೇ ಅವಳಿಗೆ ಈ ಗುಳಿಗೆ ಸಿಕ್ತಿತ್ತು. ನಾನು ನಿಮ್ಮನ್ನ ನೋಡ್ತಿದ್ದೆ ಅನ್ಸತ್ತೆ. ನೀವು ಚೆನ್ನಾಗಿ ನಡೀತಿದ್ರಲ್ಲ, ಅದನ್ನ."

ವೆರ್ನರ್ ಟೊಪ್ಪಿಗೆ ತೆಗೆದ, ಅದರ ಒಳಗೆ ನೋಡಿದ, ಮತ್ತೆ ಹಾಕಿಕೊಂಡ.

"ನಾನು ಅವಳನ್ನ ದಿನಾ ಲೈಟ್‌ಹೌಸ್‌ವರೆಗೂ ಕರ್ಕೊಂಡು ಹೋದೆ," ಎಂದ.

"ಎಷ್ಟು ದೂರ?" ಕೇಳಿದ್ದು ಬೋಡಿಲ್.

"ಮೊದಲು ಬೇಲಿವರೆಗೆ. ಆಮೇಲೆ ಈ ಸೋಲ್ವೈ ಎರಡು ಅಂದ್ಲು, ಚರ್ಚಿನವರೆಗೆ ಹೋದ್ವಿ. ಒಂದು ಅಂದ್ಲು, ಲೈಟ್‌ಹೌಸಿಗೆ. ಹೋಗಿ ಬರೋಕೆ ಆರು ಕಿಲೋಮೀಟರು. ನಂಗೂ ನಡೀಬೇಕು ಅಂತ ಆಸ್ಪತ್ರೇಲಿ ಹೇಳಿದ್ರು. ವಾಪಸು ಬರುವಾಗ ಅವಳು ಕೂತ್ಕೋತಿದ್ಲು. ಸೋಮಾರಿ ಅಂತ ಬೈದೆ. ಎಳೆದೆ." ಅವನು ಸೋಲ್ವೈಯನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳು ಅದನ್ನೇ ಆಸರೆಯಂತೆ ಹಿಡಿದುಕೊಳ್ಳುತ್ತಿದ್ದಳು, ಸಿಟ್ಟಿರಲಿಲ್ಲ. "ನೀನು ನೋಡ್ತೀಯ ಅಂತ ನಾನು ನೋಡ್ಲಿಲ್ಲ ಕಣಮ್ಮಾ. ನಂಗೇನು ಗೊತ್ತಾಗತ್ತೆ, ಬಸ್ಸು ಓಡಿಸಿದೋನಿಗೆ. ನೀನು ಕಲ್ತೋಳು."

"ನಾನು ನೀವು ಹೇಳಿದ್ದನ್ನ ಕೇಳಿದೆ," ಎಂದಳು ಸೋಲ್ವೈ. "ನೀವು ಅಷ್ಟೇನೂ ಕೆಟ್ಟದಾಗಿಲ್ಲ ಅಂದ್ರಿ."

"ಅಂದೆ," ಎಂದ ವೆರ್ನರ್. "ನನ್ನ ಕಾಲು ಆ ದಿನ ನೋಯ್ತಿರಲಿಲ್ಲ."

ಬೋಡಿಲ್ ಮಧ್ಯೆ ಬಂದಳು. ಪಟ್ಟಿಯೂ ತಪ್ಪಬಹುದು ಎಂದಳು, ಹಗ್ಗ ಬಿಗಿಯಾಗಿತ್ತೇನೋ ಎಂದಳು, ತಾನೇ ಹಗ್ಗ ಹಿಡಿಯಬೇಕಿತ್ತು, ಬೆಕ್ಕು, ಕೆಲಸ, ಎಂದೆಲ್ಲ ಹೇಳಿದಳು. ಹದಿನೇಳರ ಮುಂದೆ ವಿಶ್ವವಿದ್ಯಾಲಯಕ್ಕೆ ಒಂದು ಷರಾ ಬರೆದು ಕಳಿಸೋಣ, ಷರಾ ಇಲ್ಲದ ಐದೂ ಭೇಟಿಯದ್ದು, ಎಂದಾಗ ಮಾತ್ರ ಸೋಲ್ವೈಯ ಕಣ್ಣನ್ನು ನೋಡಿದಳು. ಸೋಲ್ವೈ ತಲೆಯಾಡಿಸಿದಳು. ಆ ಷರಾದಲ್ಲಿ ಏನು ಬರೆಯಬೇಕು? ಮನೆಯವರೇ ನಡೆಸಿದರು. ಮನೆಯವರ ಕಾಲು ಗುಣವಾಗುತ್ತಿತ್ತು. ಅಂಕ ಹಾಕುವವಳಿಗೆ ಒಳ್ಳೆಯ ಸುದ್ದಿ ಬೇಕಿತ್ತು. ಇಂಥವುಗಳಿಗೆ ಅಂಕಣವಿಲ್ಲ. ವೆರ್ನರ್ ಗುಳಿಗೆಯ ಡಬ್ಬಿಯನ್ನು ತೆಗೆದುಕೊಂಡ, ಹೊಸದನ್ನು ಬೇಡವೆನ್ನಲಿಲ್ಲ. ಮೊದಲ ಗುಳಿಗೆಯನ್ನು ಅಲ್ಲೇ, ಬ್ರೆಡ್ಡಿಗೆ ಸವರುವ ಲಿವರ್ ಪೇಸ್ಟಿನಲ್ಲಿ ಒತ್ತಿ ಟಿಲ್ಡಳಿಗೆ ಕೊಟ್ಟರು. ಅವಳು ಅಗಿಯದೆ ನುಂಗಿ ಇನ್ನೊಂದಕ್ಕೆ ಮೂವರ ಮುಖವನ್ನೂ ನೋಡಿದಳು.

ಬಾಗಿಲಲ್ಲಿ ಅವನು ನಿಂತ. ಸೋಲ್ವೈ ಏನಾದರೂ ಬರಬಹುದೆಂದು ಕಾದಳು. ಬೈಗುಳವಾದರೂ ಆದೀತು. ಅವನು ಟೊಪ್ಪಿಗೆಯ ಅಂಚನ್ನು ಮುಟ್ಟಿ ಹೊರಗೆ ಹೋದ.

ಅವಳು ಕಿಟಕಿಗೆ ಹೋಗಬಾರದೆಂದುಕೊಂಡೇ ಹೋದಳು. ಕಾರು ನಿಲ್ಲಿಸುವ ಜಾಗದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಬರುವಾಗ ಅಷ್ಟು ಸರಾಗವಾಗಿ ಬಂದಿದ್ದ ಮನುಷ್ಯ ಈಗ ಒಂದೊಂದೇ ಹೆಜ್ಜೆ ಇಡುತ್ತಿದ್ದ, ಇಟ್ಟು ನಿಲ್ಲುತ್ತಿದ್ದ, ಪಕ್ಕಕ್ಕೆ ಬಗ್ಗಿ ಟಿಲ್ಡಳ ಹಿಂಗಾಲನ್ನು ನೋಡಿ ಮತ್ತೊಂದು ಹೆಜ್ಜೆ ಇಡುತ್ತಿದ್ದ. ನೋವಿರುವ ನಾಯಿಯ ಜತೆ ನಡೆಯುವ ರೀತಿ ಅದು. ಟಿಲ್ಡಳಿಗೆ ಆ ನಿಧಾನ ಅರ್ಥವಾಗಲಿಲ್ಲ. ಅವಳು ಹಗ್ಗವನ್ನು ಮುಂದಕ್ಕೆ ಎಳೆಯುತ್ತಿದ್ದಳು, ತಿರುಗಿ ಅವನ ಮುಖ ನೋಡುತ್ತಿದ್ದಳು, ಮತ್ತೆ ಎಳೆಯುತ್ತಿದ್ದಳು, ಬಾಲ ಅಲ್ಲಾಡುತ್ತಿತ್ತು. ಗುಳಿಗೆ ಹೊಟ್ಟೆಗೆ ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ. ಅದರ ಕೆಲಸವಂತೂ ಆಗಿರಲಾರದು. ಬೇಗ ಕಾರು ತಲುಪಿ ಕೂರಬೇಕು ಎಂದು ಎಳೆಯುತ್ತಿದ್ದಳೇ? ಲೈಟ್‌ಹೌಸಿಗೆ ಹೋಗೋಣ ಎಂದು ಎಳೆಯುತ್ತಿದ್ದಳೇ? ಸೋಲ್ವೈ ಹಣೆಯನ್ನು ತಣ್ಣನೆಯ ಗಾಜಿಗೆ ಒತ್ತಿ, ಮನುಷ್ಯನ ಕಾಲನ್ನು ಬಿಟ್ಟು, ಬಾಲವನ್ನೂ ಬಿಟ್ಟು, ಆ ಒಂದು ಕಾಲನ್ನು ಮಾತ್ರ ನೋಡಲು ಪ್ರಯತ್ನಿಸಿದಳು. ಕಾರಿನ ಬಾಗಿಲು ತೆರೆಯಿತು. ಟಿಲ್ಡ ಮುಂಗಾಲೆತ್ತಿ ಸೀಟಿಗಿಟ್ಟಳು, ಅಷ್ಟರಲ್ಲಿ ವೆರ್ನರ್ ಬಗ್ಗಿ, ಹೊಸ ಸೊಂಟದವನು ಎತ್ತಬಾರದ ಭಾರವನ್ನು ಎರಡೂ ತೋಳಲ್ಲಿ ಎತ್ತಿ ಒಳಗಿಟ್ಟುಬಿಟ್ಟ. ಅವಳು ತಾನಾಗಿ ಹತ್ತುತ್ತಿದ್ದಳೋ ಇಲ್ಲವೋ ಕಾಣಲಿಲ್ಲ.

ಷರಾ ಕಳಿಸಿದ್ದಾಯಿತು; ಹದಿನೇಳನ್ನು ಲೆಕ್ಕದಿಂದ ಬಿಟ್ಟಿದ್ದೇವೆ ಎಂದು ವಿಶ್ವವಿದ್ಯಾಲಯದವರು ಎರಡು ಸಾಲಿನ ಉತ್ತರ ಬರೆದರು. ಆ ಹನ್ನೆರಡು ವಾರ ಟಿಲ್ಡಳಿಗೆ ನೋವಿತ್ತೋ ಇಲ್ಲವೋ ಗೊತ್ತಿಲ್ಲ.